ನಮ್ಮ ಬಿಲ್ಡ್‌ನಲ್ಲೇ ಇಲ್ಲದ ಫ್ಲ್ಯಾಗ್ ನಮ್ಮ ಲೆಕ್ಕ ಕೆಡಿಸಬಹುದೇ?

ಪ್ರಶ್ನೆ: ಸರ್, ನಮ್ಮದು ಲಿನಕ್ಸ್ ಮೇಲೆ ಓಡುವ ಸಿ++ ಸಿಮ್ಯುಲೇಷನ್ ಪ್ರೋಗ್ರಾಂ. 64 ಬಿಟ್ ಇಂಟೆಲ್ ಯಂತ್ರ, ಕಂಪೈಲರ್ ಜಿಸಿಸಿ 11, ಬಿಲ್ಡ್‌ಗೆ ಸಿಮೇಕ್. ಇನ್ನೊಂದು ತಂಡ ಕೊಡುವ ಪ್ಲಗಿನ್ ಲೈಬ್ರರಿಯನ್ನು ಪ್ರೋಗ್ರಾಂ ಓಡುತ್ತಿರುವಾಗಲೇ ಡಿಎಲ್‌ಓಪನ್ ಮೂಲಕ ಲೋಡ್ ಮಾಡುತ್ತೇವೆ. ಡೀಬಗ್ ಬಿಲ್ಡ್‌ನಲ್ಲಿ ಎಲ್ಲವೂ ಸರಿ. ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ನಮ್ಮ ಇಂಟರ್‌ಪೊಲೇಷನ್ ಫಂಕ್ಷನ್ ಆಗೊಮ್ಮೆ ಈಗೊಮ್ಮೆ ನ್ಯಾನ್ (ಸಂಖ್ಯೆಯೇ ಅಲ್ಲದ ಉತ್ತರ) ಕೊಡುತ್ತದೆ. ಛೇದದಲ್ಲಿರುವ ಎರಡು ಸಂಖ್ಯೆಗಳು ಸಮವಲ್ಲ ಎಂದು ಖಾತ್ರಿ ಮಾಡಿಕೊಂಡೇ ಭಾಗಿಸುತ್ತೇವೆ, ಆದರೂ ಹೀಗೆ. ಪ್ಲಗಿನ್‌ನ ಒಂದು ಫಂಕ್ಷನ್ನನ್ನೂ ಕರೆಯದೆ ಸುಮ್ಮನೆ ಲೋಡ್ ಮಾಡಿದರೂ ಸಾಕು, ತಪ್ಪು ಬರುತ್ತದೆ. ಲೋಡ್ ಆಗುವ ಮೊದಲೇ ಹುಟ್ಟಿದ ವರ್ಕರ್ ಥ್ರೆಡ್‌ಗಳು ಸರಿಯಾದ ಉತ್ತರ ಕೊಡುತ್ತವೆ, ಆಮೇಲೆ ಹುಟ್ಟಿದವು ಕೊಡುವುದಿಲ್ಲ. ನಮ್ಮ ಕೋಡನ್ನೆಲ್ಲ -ಓ0ಗೆ (ಆಪ್ಟಿಮೈಸೇಷನ್ ಇಲ್ಲದ ಹಂತಕ್ಕೆ) ಇಳಿಸಿ ನೋಡಿದೆವು, -ಎಫ್‌ನೋ-ಫಾಸ್ಟ್-ಮ್ಯಾಥ್ (ನಿಯಮ ಸಡಿಲಿಸಿ ವೇಗ ಪಡೆಯುವ ಲೆಕ್ಕ ಬೇಡ ಎಂದು ಕಂಪೈಲರ್‌ಗೆ ಹೇಳುವ ಫ್ಲ್ಯಾಗ್) ಸೇರಿಸಿ ನೋಡಿದೆವು, ಏನೂ ಬದಲಾಗಲಿಲ್ಲ. ಪ್ಲಗಿನ್ ತಂಡದವರು "ನಾವು -ಓಫಾಸ್ಟ್ ಬಳಸುತ್ತೇವೆ ನಿಜ, ಆದರೆ ಪಕ್ಕದಲ್ಲೇ -ಎಫ್‌ನೋ-ಫಾಸ್ಟ್-ಮ್ಯಾಥ್ ಇದೆ, ನಮ್ಮದಲ್ಲ ತಪ್ಪು" ಎನ್ನುತ್ತಾರೆ. ಇದು ಕಂಪೈಲರ್ ದೋಷವೇ? ಜಿಸಿಸಿ ಬದಲಿಸಬೇಕೇ? ಅಥವಾ ಭಾಗಿಸುವ ಮುಂಚೆ ಒಂದು ಎಪ್ಸಿಲಾನ್ (ಇಷ್ಟು ಹತ್ತಿರವಿದ್ದರೆ ಸಮ ಎಂದುಕೊಳ್ಳುವ ಚಿಕ್ಕ ಅಂತರ) ಹಾಕಿ ಸುಮ್ಮನಾಗಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಸಾಕ್ಷಿ ಥ್ರೆಡ್‌ಗಳದ್ದು. ಅದನ್ನು ನೀವು ಗಮನಿಸಿ ಬರೆಯದಿದ್ದರೆ ನಾನೂ ಮೊದಲು ನಿಮ್ಮ ಕೋಡಿನಲ್ಲೇ ತಪ್ಪು ಹುಡುಕುತ್ತಿದ್ದೆ. ಒಂದೇ ಪ್ರೋಗ್ರಾಂ, ಒಂದೇ ಮೆಷಿನ್ ಕೋಡ್, ಒಂದೇ ಇನ್‌ಪುಟ್. ಥ್ರೆಡ್ ಹುಟ್ಟಿದ ಸಮಯದ ಮೇಲೆ ಉತ್ತರ ಬದಲಾಗುತ್ತಿದೆ ಅಂದರೆ ಎಡವಟ್ಟು ಇನ್‌ಸ್ಟ್ರಕ್ಷನ್‌ಗಳಲ್ಲಿಲ್ಲ. ಆ ಇನ್‌ಸ್ಟ್ರಕ್ಷನ್‌ಗಳು ಹೇಗೆ ವರ್ತಿಸಬೇಕು ಎಂದು ಹೇಳುವ, ಪ್ರತಿ ಥ್ರೆಡ್‌ಗೂ ಬೇರೆಯಾಗಿರುವ ಯಾವುದೋ ಸ್ಥಿತಿಯಲ್ಲಿದೆ. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರ್‌ಗಳಲ್ಲಿ ಅಂಥದ್ದೊಂದು ರಿಜಿಸ್ಟರ್ ಇದೆ, ಹೆಸರು ಎಂಎಕ್ಸ್‌ಸಿಎಸ್‌ಆರ್. ನಿಮ್ಮ ಪ್ಲಗಿನ್ ಲೋಡ್ ಆಗುವ ಕ್ಷಣದಲ್ಲಿ ಅದರ ಎರಡು ಬಿಟ್‌ಗಳನ್ನು ಆನ್ ಮಾಡಿ ಹೋಗುತ್ತಿದೆ ಎಂಬುದು ನನ್ನ ಬಲವಾದ ಅನುಮಾನ. ಇದು ಹೌದೋ ಅಲ್ಲವೋ ಎಂದು ಹತ್ತು ನಿಮಿಷದಲ್ಲಿ ಗೊತ್ತುಮಾಡಿಕೊಳ್ಳಬಹುದು. ಅದನ್ನು ಹೇಳುವ ಮೊದಲು ಏನು ನಡೆಯುತ್ತಿದೆ ಎಂಬುದನ್ನು ಬಿಡಿಸಿಡುತ್ತೇನೆ. (ಫ್ಲ್ಯಾಗ್ ಮತ್ತು ಕಮಾಂಡ್‌ಗಳ ಹೆಸರನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ, ಟೈಪ್ ಮಾಡುವಾಗ ಎಂದಿನಂತೆ ಮಾಡಿ.)

ಡಬಲ್ ಮಾದರಿಯ ಸಂಖ್ಯೆ ಪೂರ್ಣ ನಿಖರತೆಯೊಂದಿಗೆ ಇಳಿಯಬಹುದಾದ ಕನಿಷ್ಠ ಮಿತಿ ಸುಮಾರು 2.225 × 10⁻³⁰⁸. ಅದಕ್ಕಿಂತ ಚಿಕ್ಕದಾದರೆ ಒಮ್ಮೆಲೇ ಸೊನ್ನೆಗೆ ಬೀಳುವುದಿಲ್ಲ. ಒಂದೊಂದೇ ಬಿಟ್ ನಿಖರತೆ ಕಳೆದುಕೊಳ್ಳುತ್ತ ಸುಮಾರು 4.94 × 10⁻³²⁴ರವರೆಗೆ ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಈ ಪಟ್ಟಿಯಲ್ಲಿ ಬರುವ ಸಂಖ್ಯೆಗಳಿಗೆ ಡೀನಾರ್ಮಲ್ ಅಥವಾ ಸಬ್‌ನಾರ್ಮಲ್ ಎನ್ನುತ್ತಾರೆ. ಫ್ಲೋಟಿಂಗ್ ಪಾಯಿಂಟ್ ಲೆಕ್ಕದ ಐಇಇಇ 754 ಮಾನದಂಡದಲ್ಲಿ ಇವು ಅಲಂಕಾರಕ್ಕೆ ಇಟ್ಟದ್ದಲ್ಲ. ಇವು ಇರುವುದರಿಂದಲೇ ಒಂದು ಖಾತ್ರಿ ಸಿಗುತ್ತದೆ: ಎ ಮತ್ತು ಬಿ ಸಮವಲ್ಲದಿದ್ದರೆ ಎ – ಬಿ ಎಂದಿಗೂ ಸೊನ್ನೆಯಾಗದು. ಭಾಗಿಸುವ ಮುಂಚೆ ನೀವು ಮಾಡುವ "ಸಮವಲ್ಲ ತಾನೇ?" ಎಂಬ ತಪಾಸಣೆ ನಿಂತಿರುವುದು ಈ ಖಾತ್ರಿಯ ಮೇಲೆಯೇ.

ಎಂಎಕ್ಸ್‌ಸಿಎಸ್‌ಆರ್‌ನ 15ನೇ ಬಿಟ್ ಎಫ್‌ಟಿಜೆಡ್, ಅಂದರೆ ಫ್ಲಶ್-ಟು-ಜೀರೋ: ಉತ್ತರ ಡೀನಾರ್ಮಲ್ ಆದರೆ ಅದನ್ನು ಸೊನ್ನೆ ಮಾಡಿಬಿಡು. 6ನೇ ಬಿಟ್ ಡಿಎಜೆಡ್, ಡೀನಾರ್ಮಲ್ಸ್-ಆರ್-ಜೀರೋ: ಇನ್‌ಪುಟ್ ಡೀನಾರ್ಮಲ್ ಆಗಿದ್ದರೆ ಸೊನ್ನೆ ಎಂದೇ ತಿಳಿ. ಇವೆರಡೂ ಆನ್ ಆದಾಗ ನಿಮ್ಮ ಫಂಕ್ಷನ್‌ಗೆ ಏನಾಗುತ್ತದೆ ಎಂದು ಒಂದು ಉದಾಹರಣೆಯಲ್ಲಿ ನೋಡಿ.

ಎ = 3.0 × 10⁻³⁰⁸, ಬಿ = 2.5 × 10⁻³⁰⁸, ನಡುವೆ ಸಿ = 2.8 × 10⁻³⁰⁸ ಎಂದಿಟ್ಟುಕೊಳ್ಳಿ. ಮೂರೂ ನಾರ್ಮಲ್ ಸಂಖ್ಯೆಗಳೇ. ನಿಮಗೆ ಬೇಕಾದ ತೂಕ (ಸಿ – ಬಿ) ಭಾಗ (ಎ – ಬಿ), ಅಂದರೆ 0.6. ಮೊದಲು ಎ ಮತ್ತು ಬಿ ಸಮವೇ ಎಂದು ಕೇಳುತ್ತೀರಿ. ಅಲ್ಲ ಎಂಬ ಉತ್ತರ ಬರುತ್ತದೆ, ಅದು ಸರಿಯೇ. ಆಮೇಲೆ ಕಳೆಯುತ್ತೀರಿ. ಛೇದ 5 × 10⁻³⁰⁹, ಅಂಶ 3 × 10⁻³⁰⁹, ಎರಡೂ ಮಿತಿಗಿಂತ ಕೆಳಗೆ. ಮಾಮೂಲಿ ಸ್ಥಿತಿಯಲ್ಲಿ ಎರಡೂ ಡೀನಾರ್ಮಲ್ ಆಗಿ ಉಳಿದು 0.6 ಬರುತ್ತದೆ. ಎಫ್‌ಟಿಜೆಡ್ ಆನ್ ಇದ್ದರೆ ಎರಡೂ ಸೊನ್ನೆ. ಸೊನ್ನೆ ಭಾಗ ಸೊನ್ನೆ, ನ್ಯಾನ್. ತಪಾಸಣೆಯೂ ಸರಿ, ಕಳೆಯುವುದೂ ಸರಿ, ಭಾಗಿಸುವುದೂ ಸರಿ. ನಡುವಿನ ಸೇತುವೆ ಮಾತ್ರ ಇಲ್ಲ.

"ಇಷ್ಟು ಚಿಕ್ಕ ಸಂಖ್ಯೆ ನಮ್ಮಲ್ಲಿ ಎಲ್ಲಿಂದ ಬರಬೇಕು" ಎಂದು ತಳ್ಳಿಹಾಕಬೇಡಿ. ಎಕ್ಸ್‌ಪೊನೆನ್ಷಿಯಲ್ ಆಗಿ ಇಳಿಯುವ ತೂಕ, ಸಂಭಾವ್ಯತೆಗಳ ಗುಣಲಬ್ಧ, ಫಿಲ್ಟರ್‌ನ ಬಾಲ, ಇವೆಲ್ಲ ಅಲ್ಲಿಗೆ ಬೇಗ ತಲುಪುತ್ತವೆ. ಇ-ಯ ಘಾತ –708.4ಕ್ಕಿಂತ ಕೆಳಗೆ ಹೋದ ಕೂಡಲೇ ಡಬಲ್ ಡೀನಾರ್ಮಲ್ ಆಗುತ್ತದೆ, ಸುಮಾರು –745ರವರೆಗೆ ಹಾಗೇ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಮಾತ್ರ ತಪ್ಪು ಬರುವುದಕ್ಕೂ ಇದೇ ಕಾರಣ: ಆ ಕಿರಿದಾದ ಪಟ್ಟಿಗೆ ಲೆಕ್ಕ ಕಾಲಿಟ್ಟಾಗಲಷ್ಟೇ ಎಡವುತ್ತದೆ.

ಈಗ ನಿಜವಾದ ಪ್ರಶ್ನೆ: ಆ ಬಿಟ್‌ಗಳನ್ನು ಆನ್ ಮಾಡಿದ್ದು ಯಾರು?

ಫ್ಲ್ಯಾಗ್ ಎಂದರೆ ಅದು ಕೊಟ್ಟ ಫೈಲಿಗಷ್ಟೇ ಸೀಮಿತ ಎಂಬ ನಂಬಿಕೆ ನಮ್ಮೆಲ್ಲರಲ್ಲೂ ಇದೆ. ಬಹುಪಾಲು ಫ್ಲ್ಯಾಗ್‌ಗಳ ಮಟ್ಟಿಗೆ ಅದು ನಿಜ. ಆದರೆ ಜಿಪ್ಲಸ್‌ಪ್ಲಸ್ ಎಂದು ನಾವು ಕರೆಯುವುದು ಕಂಪೈಲರ್ ಅಲ್ಲ, ಡ್ರೈವರ್. ಕಂಪೈಲ್ ಮಾಡಿಸುವುದೂ ಅದೇ, ಲಿಂಕ್ ಮಾಡಿಸುವುದೂ ಅದೇ. ಲಿಂಕ್ ಮಾಡುವ ಸಾಲಿನಲ್ಲಿ -ಓಫಾಸ್ಟ್, -ಎಫ್‌ಫಾಸ್ಟ್-ಮ್ಯಾಥ್ ಅಥವಾ -ಎಫ್‌ಅನ್‌ಸೇಫ್-ಮ್ಯಾಥ್-ಆಪ್ಟಿಮೈಸೇಷನ್ಸ್ ಕಂಡರೆ ಅದು ನೀವು ಕೇಳದೆಯೇ ಸಿಆರ್‌ಟಿಫಾಸ್ಟ್‌ಮ್ಯಾಥ್ ಎಂಬ ಚಿಕ್ಕ .ಓ ಫೈಲನ್ನು ಜೊತೆಗೆ ಸೇರಿಸುತ್ತದೆ. ಅದರೊಳಗೆ ಇರುವುದು ಒಂದು ಕನ್‌ಸ್ಟ್ರಕ್ಟರ್, ಅಂದರೆ ಲೋಡ್ ಆಗುವಾಗ ತಾನಾಗಿಯೇ ಓಡುವ ಫಂಕ್ಷನ್. ಅದು ಎಂಎಕ್ಸ್‌ಸಿಎಸ್‌ಆರ್ ಓದಿ, ಹೆಕ್ಸ್ 8040ರೊಂದಿಗೆ ಆರ್ ಮಾಡಿ, ವಾಪಸ್ ಬರೆಯುತ್ತದೆ. 8040 ಅಂದರೆ ಮೇಲಿನ ಎರಡೂ ಬಿಟ್‌ಗಳು. ಎಕ್ಸಿಕ್ಯೂಟಬಲ್‌ಗೆ ಸೇರಿದರೆ ಮೇನ್ ಶುರುವಾಗುವ ಮೊದಲು ಓಡುತ್ತದೆ. ಶೇರ್ಡ್ ಲೈಬ್ರರಿಗೆ ಸೇರಿದರೆ ಅದನ್ನು ಯಾರು ಲೋಡ್ ಮಾಡುತ್ತಾರೋ ಅವರ ಥ್ರೆಡ್‌ನಲ್ಲಿ, ಡಿಎಲ್‌ಓಪನ್ ಮುಗಿಯುವ ಮೊದಲು ಓಡುತ್ತದೆ. ಹಳೆಯ ಬೆಲೆಯನ್ನು ಎಲ್ಲೂ ನೆನಪಿಟ್ಟುಕೊಳ್ಳುವುದಿಲ್ಲ. ಡಿಎಲ್‌ಕ್ಲೋಸ್ ಮಾಡಿದರೂ ಬಿಟ್‌ಗಳು ಆನ್ ಆಗಿಯೇ ಇರುತ್ತವೆ.

ನಿಮ್ಮ ಲಕ್ಷಣಗಳೆಲ್ಲ ಈಗ ಸಾಲಾಗಿ ಕೂರುತ್ತವೆ. ಫಂಕ್ಷನ್ ಕರೆಯದಿದ್ದರೂ ತಪ್ಪು ಬಂತು, ಏಕೆಂದರೆ ಕನ್‌ಸ್ಟ್ರಕ್ಟರ್‌ಗೆ ನಿಮ್ಮ ಕರೆ ಬೇಕಿಲ್ಲ. ಎಂಎಕ್ಸ್‌ಸಿಎಸ್‌ಆರ್ ಪ್ರತಿ ಥ್ರೆಡ್‌ಗೂ ಬೇರೆ, ಹಾಗಾಗಿ ಮೊದಲೇ ಹುಟ್ಟಿದ್ದ ಥ್ರೆಡ್‌ಗಳು ಬಚಾವ್. ಲಿನಕ್ಸ್‌ನಲ್ಲಿ ಹೊಸ ಥ್ರೆಡ್ ತನ್ನನ್ನು ಹುಟ್ಟಿಸಿದ ಥ್ರೆಡ್‌ನ ಸ್ಥಿತಿಯನ್ನೇ ಪಡೆಯುತ್ತದೆ, ಹಾಗಾಗಿ ಮೇನ್ ಥ್ರೆಡ್ ಕೆಟ್ಟ ಮೇಲೆ ಹುಟ್ಟಿದ ಮಕ್ಕಳಿಗೂ ಅದೇ ಗತಿ. ನಿಮ್ಮ ಕೋಡನ್ನು -ಓ0ಗೆ ಇಳಿಸಿದ್ದು ಪ್ರಯೋಜನಕ್ಕೆ ಬರಲಿಲ್ಲ, ಏಕೆಂದರೆ ಕಳೆಯುವ ಇನ್‌ಸ್ಟ್ರಕ್ಷನ್ -ಓ0ಯಲ್ಲೂ ಅದೇ, ಅದು ನೋಡುವ ರಿಜಿಸ್ಟರ್ ಕೂಡ ಅದೇ. ಡೀಬಗ್ ಬಿಲ್ಡ್ ಸರಿ ಬಂದದ್ದು ನಿಮ್ಮ ಕೋಡು ಡೀಬಗ್ ಆಗಿದ್ದಕ್ಕಲ್ಲ. ಅದರ ಜೊತೆ ಲೋಡ್ ಆದ ಪ್ಲಗಿನ್ ಕೂಡ ಡೀಬಗ್ ಆಗಿದ್ದು, ಅದರ ಲಿಂಕ್ ಸಾಲಿನಲ್ಲಿ -ಓಫಾಸ್ಟ್ ಇಲ್ಲದ್ದಕ್ಕೆ ಇರಬೇಕು. ಡೀಬಗ್ ಪ್ರೋಗ್ರಾಂಗೆ ರಿಲೀಸ್ ಪ್ಲಗಿನ್ ಲೋಡ್ ಮಾಡಿ ನೋಡಿ, ಅಲ್ಲೂ ತಪ್ಪು ಬರಬೇಕು. ಬರದಿದ್ದರೆ ನನ್ನ ಊಹೆ ತಪ್ಪು, ಮುಂದೆ ಓದುವ ಅಗತ್ಯವೇ ಇಲ್ಲ.

ಇನ್ನು ಪ್ಲಗಿನ್ ತಂಡದವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ, ಅರ್ಧ ಸತ್ಯ ಹೇಳುತ್ತಿದ್ದಾರೆ, ಅದೂ ಗೊತ್ತಿಲ್ಲದೆ. -ಓಫಾಸ್ಟ್ ತನ್ನೊಳಗೆ -ಎಫ್‌ಫಾಸ್ಟ್-ಮ್ಯಾಥ್ ಅನ್ನು ಎಳೆದುಕೊಂಡು ಬರುತ್ತದೆ. ಪಕ್ಕದ -ಎಫ್‌ನೋ-ಫಾಸ್ಟ್-ಮ್ಯಾಥ್ ಅದನ್ನು ಕಂಪೈಲ್ ಹಂತದಲ್ಲಿ ರದ್ದು ಮಾಡುತ್ತದೆ. ಆದರೆ ಲಿಂಕ್ ಹಂತದಲ್ಲಿ ಡ್ರೈವರ್ ಇಷ್ಟು ಯೋಚಿಸುವುದಿಲ್ಲ. ಅದರ ನಿಯಮ ಬರೀ ಅಕ್ಷರ ಹೊಂದಿಸುವಂಥದ್ದು: -ಓಫಾಸ್ಟ್ ಎಂಬ ಪದ ಸಾಲಿನಲ್ಲಿ ಇದೆಯೇ? ಇದೆ. ಹಾಗಾದರೆ ಸಿಆರ್‌ಟಿಫಾಸ್ಟ್‌ಮ್ಯಾಥ್ ಸೇರಿಸು. ನೀವು ಬಳಸುವ ಜಿಸಿಸಿ 11ರಲ್ಲಿ ಆಗುವುದು ಹೀಗೆಯೇ. ಇದನ್ನು ಕಂಪೈಲರ್ ದೋಷ ಎನ್ನಬಹುದೇ ಎಂದರೆ, ನನ್ನ ಮಟ್ಟಿಗೆ ಹೌದು. ಆದರೆ ನೀವು ಹೆದರಿದಂಥ, ತಪ್ಪು ಮೆಷಿನ್ ಕೋಡ್ ಹುಟ್ಟಿಸುವ ದೋಷ ಇದಲ್ಲ.

ಖಾತ್ರಿ ಮಾಡಿಕೊಳ್ಳುವ ದಾರಿ ಹೀಗಿದೆ. ಪ್ರೋಗ್ರಾಂ ಅನ್ನು ಜಿಡಿಬಿ ಎಂಬ ಡೀಬಗರ್‌ನಲ್ಲಿ ಓಡಿಸಿ, ಡಿಎಲ್‌ಓಪನ್ ಕರೆಯುವ ಸಾಲಿನಲ್ಲಿ ಬ್ರೇಕ್ ಹಾಕಿ. ನಿಂತಾಗ "ಇನ್ಫೋ ರಿಜಿಸ್ಟರ್ಸ್ ಎಂಎಕ್ಸ್‌ಸಿಎಸ್‌ಆರ್" ಎಂದು ಕೊಡಿ. "ನೆಕ್ಸ್ಟ್" ಕೊಟ್ಟು ಆ ಸಾಲು ದಾಟಿ, ಮತ್ತೆ ಅದನ್ನೇ ಕೇಳಿ. ಹೊಸದಾಗಿ ಶುರುವಾದ ಪ್ರೊಸೆಸ್‌ನಲ್ಲಿ ಬೆಲೆ ಹೆಕ್ಸ್ 1ಎಫ್80. ಎರಡೂ ಬಿಟ್ ಆನ್ ಆದರೆ 9ಎಫ್‌ಸಿ0. ಇಲ್ಲಿ ಬಹಳ ಜನ ಒಂದು ಕಡೆ ಎಡವುತ್ತಾರೆ. ಕೆಳಗಿನ ಆರು ಬಿಟ್‌ಗಳು ಈವರೆಗೆ ನಡೆದ ಲೆಕ್ಕದ ಗುರುತುಗಳು. ಒಂದು ಭಾಗಾಕಾರದ ಉತ್ತರ ದುಂಡಾಗಿಸಿದರೂ ಸಾಕು, 1ಎಫ್80 ಹೋಗಿ 1ಎಫ್‌ಎ0 ಆಗುತ್ತದೆ. ಅದು ರೋಗವಲ್ಲ. ಪೂರ್ತಿ ಸಂಖ್ಯೆ ಹೋಲಿಸಬೇಡಿ, 6 ಮತ್ತು 15ನೇ ಬಿಟ್ ಮಾತ್ರ ನೋಡಿ. ಜಿಡಿಬಿ ಚೌಕ ಆವರಣದಲ್ಲಿ ಹೆಸರುಗಳನ್ನೂ ತೋರಿಸುತ್ತದೆ. ಡಿಎಜೆಡ್ ಮತ್ತು ಎಫ್‌ಜೆಡ್ (ಎಫ್‌ಟಿಜೆಡ್‌ಗೆ ಜಿಡಿಬಿ ಇಟ್ಟ ಹೆಸರು) ಎಂಬವು ಹೊಸದಾಗಿ ಕಂಡರೆ ಸಿಕ್ಕಿತು.

ಜಿಡಿಬಿ ಬಳಸಲಾಗದ ಕಡೆ ಎರಡು ಸಾಲಿನ ಪರೀಕ್ಷೆ ಸಾಕು: 2.2250738585072014 × 10⁻³⁰⁸ ಅನ್ನು ಒಂದು ಡಬಲ್‌ನಲ್ಲಿಟ್ಟು ಎರಡರಿಂದ ಭಾಗಿಸಿ, ಉತ್ತರ ಸೊನ್ನೆಯೇ ಎಂದು ನೋಡಿ. ಆ ವೇರಿಯಬಲ್ ವೊಲಟೈಲ್ ಆಗಿರಲೇಬೇಕು. ಇಲ್ಲದಿದ್ದರೆ ಕಂಪೈಲರ್ ಆ ಭಾಗಾಕಾರವನ್ನು ಕಂಪೈಲ್ ಸಮಯದಲ್ಲೇ ಮುಗಿಸಿ ಸರಿಯಾದ ಉತ್ತರ ಬರೆದಿಟ್ಟುಬಿಡುತ್ತದೆ. ಓಡುವಾಗ ರಿಜಿಸ್ಟರ್ ಹೇಗೇ ಇದ್ದರೂ "ಎಲ್ಲ ಸರಿ" ಎಂದೇ ವರದಿ ಬರುತ್ತದೆ. ಲಾಂಗ್ ಡಬಲ್ ಕೂಡ ಬಳಸಬೇಡಿ, ಅದು ಹಳೆಯ ಎಕ್ಸ್87 ಘಟಕದಲ್ಲಿ ಓಡುತ್ತದೆ, ಎಂಎಕ್ಸ್‌ಸಿಎಸ್‌ಆರ್ ಮಾತನ್ನು ಅದು ಕೇಳುವುದಿಲ್ಲ.

ಬಿಟ್ ಬದಲಾದದ್ದು ಗೊತ್ತಾದ ಮಾತ್ರಕ್ಕೆ ಪ್ಲಗಿನ್ ಮೇಲೆ ಆರೋಪ ಹೊರಿಸಬೇಡಿ. ಪ್ಲಗಿನ್ ಲೋಡ್ ಆಗುವಾಗ ಅದು ನಂಬಿಕೊಂಡ ಬೇರೆ ಲೈಬ್ರರಿಗಳೂ ಲೋಡ್ ಆಗುತ್ತವೆ, ಅವುಗಳ ಕನ್‌ಸ್ಟ್ರಕ್ಟರ್‌ಗಳೂ ಓಡುತ್ತವೆ. ಎಲ್‌ಡಿ-ಡೀಬಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ "ಲಿಬ್ಸ್" ಎಂದು ಕೊಟ್ಟು ಪ್ರೋಗ್ರಾಂ ಓಡಿಸಿದರೆ ಯಾವ ಲೈಬ್ರರಿಯ ಇನಿಟ್ ಯಾವಾಗ ಓಡಿತು ಎಂಬ ಸಾಲುಗಳು ಬರುತ್ತವೆ. ಆ ಪಟ್ಟಿ ಹಿಡಿದು, ಒಂದೊಂದು ಲೈಬ್ರರಿಯನ್ನೂ ಬೇರೆ ಬೇರೆ ಪ್ರೊಸೆಸ್‌ನಲ್ಲಿ ಒಂಟಿಯಾಗಿ ಲೋಡ್ ಮಾಡಿ ಬಿಟ್ ನೋಡುವ ಇಪ್ಪತ್ತು ಸಾಲಿನ ಪುಟ್ಟ ಪ್ರೋಗ್ರಾಂ ಬರೆದುಕೊಳ್ಳಿ. ಬೇರೆ ಪ್ರೊಸೆಸ್ ಯಾಕೆಂದರೆ, ಒಮ್ಮೆ ಆನ್ ಆದ ಬಿಟ್ ಆರುವುದಿಲ್ಲ. ಒಂದೇ ಪ್ರೊಸೆಸ್‌ನಲ್ಲಿ ಸಾಲಾಗಿ ನೋಡಿದರೆ ಮೊದಲ ಕಳ್ಳನ ನಂತರ ಬಂದವರೆಲ್ಲ ಕಳ್ಳರಾಗಿ ಕಾಣುತ್ತಾರೆ.

ಅನುಮಾನದ ಲೈಬ್ರರಿ ಸಿಕ್ಕ ಮೇಲೆ ಆಬ್ಜ್‌ಡಂಪ್ ಮೈನಸ್ ಡಿ ಕೊಟ್ಟು ಆ ರಿಜಿಸ್ಟರ್‌ಗೆ ಬರೆಯುವ ಎಲ್‌ಡಿಎಂಎಕ್ಸ್‌ಸಿಎಸ್‌ಆರ್ ಇನ್‌ಸ್ಟ್ರಕ್ಷನ್ ಹುಡುಕಿ. ಬರೀ ಅದು ಕಂಡರೆ ಸಾಲದು. ಲಿಬ್‌ಎಂನಂಥ ಗಣಿತದ ಲೈಬ್ರರಿಯಲ್ಲಿ ರೌಂಡಿಂಗ್ ಬದಲಿಸಲು ಅದನ್ನು ನ್ಯಾಯವಾಗಿಯೇ ಬಳಸಿರುತ್ತಾರೆ. ಅದಕ್ಕೆ ಒಂದೆರಡು ಸಾಲು ಮೇಲೆ ರಿಜಿಸ್ಟರ್ ಓದುವ ಎಸ್‌ಟಿಎಂಎಕ್ಸ್‌ಸಿಎಸ್‌ಆರ್, ನಡುವೆ 8040 ಜೊತೆಗೆ ಆರ್, ಹೀಗೆ ಮೂರೂ ಒಟ್ಟಿಗೆ ಕಂಡರೆ ಅದು ಸಿಆರ್‌ಟಿಫಾಸ್ಟ್‌ಮ್ಯಾಥ್‌ನ ಬೆರಳಚ್ಚು. ಸ್ಟ್ರಿಪ್ ಮಾಡಿದ ಲೈಬ್ರರಿಯಲ್ಲಿ ಫಂಕ್ಷನ್ ಹೆಸರು ಇರದು, ಹಾಗಾಗಿ ಹೆಸರು ಹುಡುಕುತ್ತ ಕೂರಬೇಡಿ.

ಕೊನೆಗೆ ಬಿಲ್ಡ್ ಕಡೆ. ಸಿಮೇಕ್ ಬರೆದಿಡುವ ಕಂಪೈಲ್-ಕಮಾಂಡ್ಸ್ ಜೇಸನ್ ಫೈಲಿನಲ್ಲಿ ಹುಡುಕಿ "ಇಲ್ಲಿ ಫಾಸ್ಟ್-ಮ್ಯಾಥ್ ಇಲ್ಲ" ಎಂದು ಕೈತೊಳೆದುಕೊಳ್ಳುವವರು ಬಹಳ. ಆ ಫೈಲಿನಲ್ಲಿ ಕಂಪೈಲ್ ಸಾಲುಗಳಷ್ಟೇ ಇರುತ್ತವೆ, ಲಿಂಕ್ ಸಾಲು ಇರುವುದೇ ಇಲ್ಲ. ನಮ್ಮ ಕಳ್ಳ ಅಡಗಿರುವುದು ಲಿಂಕ್ ಸಾಲಿನಲ್ಲಿ. ಮೇಕ್ ಬಳಸುವುದಾದರೆ ವರ್ಬೋಸ್ = 1 ಕೊಟ್ಟು, ನಿಂಜಾ ಆದರೆ ಮೈನಸ್ ವಿ ಕೊಟ್ಟು ಓಡಿಸಿ, .ಎಸ್‌ಓ ಫೈಲ್ ತಯಾರಾಗುವ ಆ ಒಂದು ಸಾಲನ್ನು ಎತ್ತಿಕೊಳ್ಳಿ. ಅದರ ಕೊನೆಗೆ -### (ಮೈನಸ್ ಮತ್ತು ಮೂರು ಹ್ಯಾಶ್) ಸೇರಿಸಿ ಮತ್ತೆ ಓಡಿಸಿ. ಡ್ರೈವರ್ ಏನನ್ನೂ ಲಿಂಕ್ ಮಾಡದೆ, ತಾನು ಕಲೆಕ್ಟ್2ಗೆ (ಲಿಂಕರ್ ಅನ್ನು ಓಡಿಸುವ ಸಹಾಯಕ ಪ್ರೋಗ್ರಾಂ) ಕೊಡಲಿದ್ದ ಪೂರ್ತಿ ಸಾಲನ್ನು ಮುದ್ರಿಸುತ್ತದೆ. ಅದರಲ್ಲಿ ಸಿಆರ್‌ಟಿಫಾಸ್ಟ್‌ಮ್ಯಾಥ್ .ಓ ಇದ್ದರೆ ಪ್ಲಗಿನ್ ತಂಡಕ್ಕೆ ಬೇರೆ ಪುರಾವೆ ಬೇಕಿಲ್ಲ. ಸಾಲಿನಿಂದ -ಓಫಾಸ್ಟ್ ಕಿತ್ತು -ಓ3 ಹಾಕಿ ಇನ್ನೊಮ್ಮೆ ಓಡಿಸಿದರೆ ಅದು ಮಾಯವಾಗುವುದೂ ಕಣ್ಣೆದುರೇ ಕಾಣುತ್ತದೆ.

ಫ್ಲ್ಯಾಗ್ ಆ ಸಾಲಿಗೆ ಬಂದದ್ದು ಹೇಗೆ? ಸಿಮೇಕ್‌ನಲ್ಲಿ ಇದಕ್ಕೊಂದು ಸೂಕ್ಷ್ಮ ಇದೆ. ಸಿಮೇಕ್-ಸಿಎಕ್ಸ್‌ಎಕ್ಸ್-ಫ್ಲ್ಯಾಗ್ಸ್ ಅಥವಾ ಅದರ ರಿಲೀಸ್ ರೂಪದಲ್ಲಿ ಹಾಕಿದ್ದು ಕಂಪೈಲ್ ಸಾಲಿಗೂ ಹೋಗುತ್ತದೆ, ಲಿಂಕ್ ಸಾಲಿಗೂ ಹೋಗುತ್ತದೆ. ಟಾರ್ಗೆಟ್-ಕಂಪೈಲ್-ಆಪ್ಷನ್ಸ್‌ನಲ್ಲಿ ಹಾಕಿದ್ದು ಕಂಪೈಲ್‌ಗೆ ಮಾತ್ರ. ಒಂದೇ ಫ್ಲ್ಯಾಗ್, ಬರೆದ ಜಾಗ ಬೇರೆ, ಪರಿಣಾಮ ಇಷ್ಟು ಬೇರೆ. ಸಿಮೇಕ್‌ಲಿಸ್ಟ್ಸ್ ಫೈಲಿನಲ್ಲಿ ಕಾಣದಿದ್ದರೆ ಸಿಮೇಕ್‌ಕ್ಯಾಶ್ ಫೈಲ್ ತೆರೆದು ನೋಡಿ. ಯಾರೋ ಒಮ್ಮೆ ಶೆಲ್‌ನಲ್ಲಿ ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್ ಎಕ್ಸ್‌ಪೋರ್ಟ್ ಮಾಡಿದ್ದರೆ ಸಿಮೇಕ್ ಅದನ್ನು ಮೊದಲ ಕಾನ್ಫಿಗರ್‌ನಲ್ಲಿ ಓದಿ ಕ್ಯಾಶ್‌ನಲ್ಲಿ ಇಟ್ಟುಬಿಡುತ್ತದೆ. ಆಮೇಲೆ ಆ ವೇರಿಯಬಲ್ ತೆಗೆದರೂ, ಬದಲಿಸಿದರೂ ಆ ಬಿಲ್ಡ್ ಡೈರೆಕ್ಟರಿಗೆ ಲೆಕ್ಕವಿಲ್ಲ. "ನನ್ನ ಯಂತ್ರದಲ್ಲಿ ಬರುತ್ತದೆ, ನಿಮ್ಮದರಲ್ಲಿ ಬರುವುದಿಲ್ಲ" ಎಂಬ ಜಗಳದ ಅರ್ಧ ಮೂಲ ಇಲ್ಲೇ. ಇದರ ಹೊರತು ಟೂಲ್‌ಚೈನ್ ಫೈಲ್, ಪಿಕೆಜಿ-ಕಾನ್ಫಿಗ್ ಕೊಡುವ ಸಾಲು, ಕಂಪೈಲರ್ ಹೆಸರಿನಲ್ಲಿ ಕೂತಿರುವ ರ‍್ಯಾಪರ್ ಸ್ಕ್ರಿಪ್ಟ್, ಇವನ್ನೂ ಒಮ್ಮೆ ನೋಡಿ.

ಈಗ ಪರಿಹಾರ. ಎಲ್ಲಕ್ಕಿಂತ ಶುದ್ಧವಾದದ್ದು ಪ್ಲಗಿನ್ ತಂಡ ತಮ್ಮ ಲಿಂಕ್ ಸಾಲಿನಿಂದ -ಓಫಾಸ್ಟ್ ತೆಗೆಯುವುದು. ಅವರೇ ಹೇಳುವಂತೆ ಫಾಸ್ಟ್-ಮ್ಯಾಥ್ ಅವರಿಗೆ ಬೇಡದಿದ್ದರೆ -ಓ3 ಹಾಕಿದರೆ ಮುಗಿಯಿತು, ವೇಗದಲ್ಲಿ ಹೇಳಿಕೊಳ್ಳುವಂಥ ನಷ್ಟ ಇರಬಾರದು. ಒಂದು ವೇಳೆ ಕೆಲವು ಫೈಲುಗಳಿಗೆ ನಿಜವಾಗಿ ಬೇಕಿದ್ದರೆ, ಆ ಫೈಲುಗಳಿಗಷ್ಟೇ ಕಂಪೈಲ್ ಆಪ್ಷನ್ ಆಗಿ ಕೊಡಲಿ. ಇಡೀ ಗೊಂಚಲಿನ ಬದಲು ಬಿಡಿ ಫ್ಲ್ಯಾಗ್‌ಗಳನ್ನು ಆರಿಸಿಕೊಳ್ಳುವುದು ಇನ್ನೂ ಒಳ್ಳೆಯದು. -ಎಫ್‌ನೋ-ಮ್ಯಾಥ್-ಎರ್‌ನೋ ಹಾಕಿದರೆ ವರ್ಗಮೂಲದಂಥವು ಎರ್‌ನೋ (ತಪ್ಪಿನ ಸಂಖ್ಯೆ ಇಡುವ ವೇರಿಯಬಲ್) ಬರೆಯುವ ಗೋಜಿಲ್ಲದೆ ನೇರ ಇನ್‌ಸ್ಟ್ರಕ್ಷನ್ ಆಗುತ್ತವೆ; ಎರ್‌ನೋ ನೋಡುವ ಕೋಡ್ ಇಲ್ಲದಿದ್ದರೆ ಇದರಿಂದ ಅಪಾಯವಿಲ್ಲ. -ಎಫ್‌ಅಸೋಸಿಯೇಟಿವ್-ಮ್ಯಾಥ್ ಕೂಡುವ ಕ್ರಮ ಬದಲಿಸುತ್ತದೆ, ಮೊತ್ತದ ಕೊನೆಯ ಅಂಕೆಗಳು ಅಲುಗಾಡುತ್ತವೆ. -ಎಫ್‌ಫೈನೈಟ್-ಮ್ಯಾಥ್-ಓನ್ಲಿ ಮಾತ್ರ ಮುಟ್ಟದಿರುವುದು ಕ್ಷೇಮ: ನ್ಯಾನ್ ಬರುವುದೇ ಇಲ್ಲ ಎಂದು ಕಂಪೈಲರ್‌ಗೆ ಮಾತು ಕೊಟ್ಟ ಹಾಗೆ, ಆಮೇಲೆ ಈಸ್‌ನ್ಯಾನ್ ತಪಾಸಣೆಯನ್ನೇ ಅದು ಅಳಿಸಿಹಾಕಬಹುದು.

ಜಿಸಿಸಿ ಬದಲಿಸುವ ಪ್ರಶ್ನೆಗೆ ಉತ್ತರ: ಬದಲಿಸಬೇಕಾದವರು ನೀವಲ್ಲ, ಅವರು. ಜಿಸಿಸಿ 13ರಿಂದ ಶೇರ್ಡ್ ಲೈಬ್ರರಿ ಲಿಂಕ್ ಮಾಡುವಾಗ ಈ ಫೈಲನ್ನು ತಾನಾಗಿ ಸೇರಿಸುವುದನ್ನು ನಿಲ್ಲಿಸಿದ್ದಾರೆ. ಅವರು ಪ್ಲಗಿನ್ನನ್ನು 13ರಲ್ಲಿ ಮತ್ತೆ ಬಿಲ್ಡ್ ಮಾಡಿದರೆ ಸಮಸ್ಯೆ ಹೋಗುತ್ತದೆ. ನೀವು ನಿಮ್ಮ ಪ್ರೋಗ್ರಾಂ ಅನ್ನು 13ರಲ್ಲಿ ಬಿಲ್ಡ್ ಮಾಡಿ, ಹಳೆಯ .ಎಸ್‌ಓ ಲೋಡ್ ಮಾಡಿದರೆ ಏನೂ ಬದಲಾಗದು, ಕನ್‌ಸ್ಟ್ರಕ್ಟರ್ ಅದರ ಹೊಟ್ಟೆಯೊಳಗೇ ಇದೆ. ಎಕ್ಸಿಕ್ಯೂಟಬಲ್‌ಗಳಿಗೆ 13ರಲ್ಲೂ ಹಳೆಯ ನಡವಳಿಕೆಯೇ ಉಳಿದಿದೆ ಎಂಬುದು ನೆನಪಿರಲಿ. ಅಲ್ಲಿ ಬೇಡವಾದರೆ -ಎಂನೋ-ಡಿಎಜೆಡ್-ಎಫ್‌ಟಿಜೆಡ್ ಎಂಬ ಹೊಸ ಫ್ಲ್ಯಾಗ್ ಇದೆ.

ಪ್ಲಗಿನ್ ಬದಲಾಗುವವರೆಗೆ ಕಾಯಲು ಆಗದಿದ್ದರೆ ನಿಮ್ಮ ಕಡೆ ಒಂದು ತಡೆ ಹಾಕಬಹುದು. ಎಕ್ಸ್‌ಎಂಎಂಇಂಟ್ರಿನ್ ಹೆಡರ್‌ನಲ್ಲಿ ಎಂಎಂ-ಗೆಟ್‌ಸಿಎಸ್‌ಆರ್, ಎಂಎಂ-ಸೆಟ್‌ಸಿಎಸ್‌ಆರ್ ಎಂಬ ಜೋಡಿ ಇದೆ (ಎರಡರ ಮುಂದೂ ಅಂಡರ್‌ಸ್ಕೋರ್). ಡಿಎಲ್‌ಓಪನ್‌ಗೆ ಮೊದಲು ಬೆಲೆ ತೆಗೆದಿಟ್ಟು, ಮುಗಿದ ಮೇಲೆ ವಾಪಸ್ ಬರೆಯಿರಿ. ಬೇರೆ ಪ್ರೊಸೆಸರ್‌ಗಳಲ್ಲೂ ಓಡಬೇಕಾದರೆ ಫೆಗೆಟ್‌ಎನ್ವ್, ಫೆಸೆಟ್‌ಎನ್ವ್ ಬಳಸಿ. ಆರ್ಮ್ 64ರಲ್ಲೂ ಎಫ್‌ಪಿಸಿಆರ್‌ನ 24ನೇ ಬಿಟ್ ರೂಪದಲ್ಲಿ ಇದೇ ತಂಟೆ ಇದೆ. ಈ ಮೂರು ಸಾಲನ್ನು ಪ್ರತ್ಯೇಕ, ಇನ್‌ಲೈನ್ ಆಗದ ಫಂಕ್ಷನ್‌ನಲ್ಲಿಡಿ. ರಿಜಿಸ್ಟರ್ ಬದಲಾಗುವುದಕ್ಕೂ ಅಕ್ಕಪಕ್ಕದ ಲೆಕ್ಕಕ್ಕೂ ನಂಟಿದೆ ಎಂಬುದು ಕಂಪೈಲರ್‌ಗೆ ಗೊತ್ತಿರುವುದಿಲ್ಲ, ಸಾಲುಗಳನ್ನು ಹಿಂದೆಮುಂದೆ ಮಾಡೀತು.

ಈ ತಡೆಯ ಮಿತಿಗಳೂ ಇವೆ. ಪ್ಲಗಿನ್ ತನ್ನ ಪಾಡಿಗೆ ಇನ್ನೊಂದು ಲೈಬ್ರರಿಯನ್ನು ಆಮೇಲೆ ಲೋಡ್ ಮಾಡಿದರೆ ನಿಮಗೆ ತಿಳಿಯುವುದೇ ಇಲ್ಲ. ಲೋಡ್ ಮಾಡದೆ ನೇರ ಲಿಂಕ್ ಮಾಡಿಕೊಂಡ ಲೈಬ್ರರಿ ಆದರೆ ಕನ್‌ಸ್ಟ್ರಕ್ಟರ್ ಮೇನ್‌ಗಿಂತ ಮೊದಲೇ ಓಡಿರುತ್ತದೆ. ಆಗ ಮೇನ್‌ನ ಮೊದಲ ಸಾಲಿನಲ್ಲೇ, ಒಂದೂ ಥ್ರೆಡ್ ಹುಟ್ಟುವ ಮುನ್ನ, 8040 ಬಿಟ್‌ಗಳನ್ನು ಅಳಿಸಬೇಕು. ಇನ್ನೊಂದು ಮಾತು: ಕೆಲವು ಪ್ರೊಸೆಸರ್‌ಗಳಲ್ಲಿ ಡೀನಾರ್ಮಲ್ ತಾಗಿದ ಒಂದು ಲೆಕ್ಕಕ್ಕೆ ನೂರಕ್ಕೂ ಹೆಚ್ಚು ಸೈಕಲ್ ಬೇಕಾಗುತ್ತದೆ. ಪ್ಲಗಿನ್ ತಂಡ ಆ ವೇಗವನ್ನು ನೆಚ್ಚಿಕೊಂಡಿದ್ದರೆ, ನೀವು ಬಿಟ್ ಅಳಿಸಿದ ಮೇಲೆ ಅವರ ಫಂಕ್ಷನ್ ನಿಧಾನವಾಯಿತು ಎಂಬ ದೂರು ಬರಬಹುದು. ಹಾಗಿದ್ದರೆ ಅವರ ಅತಿ ಹೆಚ್ಚು ಓಡುವ ಲೂಪ್ ಒಳಗೆ ಹೋಗುವಾಗ ಆನ್ ಮಾಡಿ, ಹೊರಗೆ ಬರುವಾಗ ಹಳೆಯ ಬೆಲೆ ಇಟ್ಟು ಬರುವುದು ಅವರ ಜವಾಬ್ದಾರಿ. ಅತಿಥಿ ಮನೆಯ ಫ್ಯೂಸ್ ಕಿತ್ತು ಹೋಗಬಾರದು.

ಎಪ್ಸಿಲಾನ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಸಂಖ್ಯೆಗಳೇ 10⁻³⁰⁸ರ ಆಸುಪಾಸು ಇರುವಾಗ 10⁻¹²ರಂಥ ಎಪ್ಸಿಲಾನ್ ಹಾಕಿದರೆ ಆ ಪ್ರದೇಶದ ಎಲ್ಲವೂ "ಸಮ" ಆಗಿಬಿಡುತ್ತದೆ. ನ್ಯಾನ್ ಹೋಗಿ ತಪ್ಪು ಉತ್ತರ ಬರುತ್ತದೆ, ಅದು ಕೂಗಿ ಹೇಳುವುದೂ ಇಲ್ಲ. ಆ ಫಂಕ್ಷನ್ನನ್ನು ಗಟ್ಟಿ ಮಾಡಲೇಬೇಕೆಂದಿದ್ದರೆ ತೂಕಗಳನ್ನು ಲಾಗರಿದಮ್ ರೂಪದಲ್ಲೇ ಇಟ್ಟುಕೊಳ್ಳಿ, ಎಕ್ಸ್‌ಪೊನೆನ್ಷಿಯಲ್ ತೆಗೆಯುವ ಮುಂಚೆ ಅವುಗಳಲ್ಲಿ ದೊಡ್ಡದನ್ನು ಎಲ್ಲದರಿಂದ ಕಳೆಯಿರಿ. ಆಗ ಲೆಕ್ಕ ಡೀನಾರ್ಮಲ್ ಪಟ್ಟಿಯ ಹತ್ತಿರ ಸುಳಿಯುವುದೇ ಅಪರೂಪ. ಫ್ಲ್ಯಾಗ್ ಸರಿಯಾದ ಮೇಲೂ ಇದು ಮಾಡಿದ್ದು ದಂಡವಲ್ಲ.

ಮೇಲಿನದೆಲ್ಲ ಮಾಡಿ ಬಿಟ್‌ಗಳು ಶುದ್ಧವಾಗಿವೆ, ಆದರೂ ಲೆಕ್ಕ ಕೆಡುತ್ತಿದೆ ಎಂದಾದರೆ ಫ್ಲ್ಯಾಗ್ ಸೋರುವ ಇನ್ನೊಂದು ದಾರಿ ನೋಡಬೇಕು. ಹೆಡರ್‌ನಲ್ಲಿರುವ ಇನ್‌ಲೈನ್ ಫಂಕ್ಷನ್ ಅಥವಾ ಟೆಂಪ್ಲೇಟ್ ಅದನ್ನು ಬಳಸುವ ಪ್ರತಿ ಫೈಲಿನಲ್ಲೂ ಒಂದೊಂದು ಪ್ರತಿಯಾಗಿ ಕಂಪೈಲ್ ಆಗುತ್ತದೆ. ಲಿಂಕರ್ ಅವುಗಳಲ್ಲಿ ಒಂದನ್ನು ಉಳಿಸಿ ಮಿಕ್ಕಿದ್ದನ್ನು ಎಸೆಯುತ್ತದೆ. ಒಂದು ಫೈಲ್ ಫಾಸ್ಟ್-ಮ್ಯಾಥ್‌ನಲ್ಲಿ, ಇನ್ನೊಂದು ಮಾಮೂಲಿಯಾಗಿ ಬಿಲ್ಡ್ ಆಗಿದ್ದರೆ, ಉಳಿದ ಪ್ರತಿ ಯಾವುದು ಎಂಬುದು ಲಿಂಕ್ ಸಾಲಿನಲ್ಲಿ ಯಾರು ಮೊದಲು ಬಂದರು ಎಂಬುದರ ಮೇಲೆ ನಿಂತಿದೆ. ಈಸ್‌ನ್ಯಾನ್ ಅಳಿಸಿಹೋದ ಪ್ರತಿ ಉಳಿದರೆ, ಫ್ಲ್ಯಾಗ್ ಹಾಕದ ನಿಮ್ಮ ಫೈಲ್ ಕೂಡ ಅದನ್ನೇ ಕರೆಯುತ್ತದೆ. -ಮಾರ್ಚ್=ನೇಟಿವ್ ಹಾಕಿದ ಒಂದೇ ಒಂದು ಫೈಲ್‌ನಿಂದ ಇಡೀ ಪ್ರೋಗ್ರಾಂ ಹಳೆಯ ಯಂತ್ರದಲ್ಲಿ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ಬೀಳುವುದೂ ಹೀಗೆಯೇ. ಇದರ ಲಕ್ಷಣ ನಿಮ್ಮದಕ್ಕಿಂತ ಬೇರೆ: ಥ್ರೆಡ್ ಯಾವಾಗ ಹುಟ್ಟಿತು ಎಂಬುದರಿಂದ ವ್ಯತ್ಯಾಸ ಬರುವುದಿಲ್ಲ, .ಓ ಫೈಲುಗಳ ಕ್ರಮ ಬದಲಿಸಿದರೆ ಬರುತ್ತದೆ. ಯಾವ ಫೈಲ್ ಯಾವ ಫ್ಲ್ಯಾಗ್‌ನಲ್ಲಿ ಬಿಲ್ಡ್ ಆಯಿತು ಎಂದು ತಿಳಿಯಲು -ಜಿ ಹಾಕಿ ಬಿಲ್ಡ್ ಮಾಡಿ, ರೀಡ್‌ಎಲ್ಫ್‌ನಲ್ಲಿ ಡೀಬಗ್ ಮಾಹಿತಿಯ "ಪ್ರೊಡ್ಯೂಸರ್" ಸಾಲು ನೋಡಿ. ಜಿಸಿಸಿ ಅಲ್ಲಿ ಕೋಡ್ ಮೇಲೆ ಪರಿಣಾಮ ಬೀರುವ ಫ್ಲ್ಯಾಗ್‌ಗಳನ್ನೆಲ್ಲ ಬರೆದಿಟ್ಟಿರುತ್ತದೆ.

ಪೈಥಾನ್‌ನಿಂದ ಸಿ++ ಮಾಡ್ಯೂಲ್‌ಗಳನ್ನು ಕರೆಯುವ ಓದುಗರಿಗೂ ಒಂದು ಮಾತು. ಇಂಪೋರ್ಟ್ ಎಂದರೂ ಕೊನೆಗೆ ಡಿಎಲ್‌ಓಪನ್ನೇ. ನಂಪೈ ಒಮ್ಮೊಮ್ಮೆ "ಅತಿ ಸಣ್ಣ ಸಬ್‌ನಾರ್ಮಲ್‌ನ ಬೆಲೆ ಸೊನ್ನೆ" ಎಂಬ ಅರ್ಥದ ಎಚ್ಚರಿಕೆ ಕೊಡುತ್ತದಲ್ಲ, ಅದನ್ನು ಮುಚ್ಚಿಹಾಕಬೇಡಿ. ನಿಮ್ಮ ಪ್ರೊಸೆಸ್‌ಗೆ ಲೋಡ್ ಆದ ಯಾವುದೋ ಲೈಬ್ರರಿ ಈ ಕೆಲಸ ಮಾಡಿದೆ ಎಂದೇ ಅದರ ಅರ್ಥ.

ನೀವು ಈಗ ಮಾಡಬೇಕಾದ ಮೊದಲ ಕೆಲಸ ಡೀಬಗ್ ಪ್ರೋಗ್ರಾಂಗೆ ರಿಲೀಸ್ ಪ್ಲಗಿನ್ ಹಾಕಿ ನೋಡುವುದು. ತಪ್ಪು ಬಂದರೆ ಜಿಡಿಬಿಯ ಎರಡು ಸಾಲನ್ನೂ, -### ಕೊಟ್ಟಾಗ ಬಂದ ಲಿಂಕ್ ಸಾಲನ್ನೂ ಪ್ಲಗಿನ್ ತಂಡಕ್ಕೆ ಕಳಿಸಿ. ವೊಲಟೈಲ್ ಪರೀಕ್ಷೆಯನ್ನು ನಿಮ್ಮ ಟೆಸ್ಟ್‌ಗಳ ಸಾಲಿಗೆ ಸೇರಿಸುವಾಗ, ಎಲ್ಲ ಪ್ಲಗಿನ್‌ಗಳು ಲೋಡ್ ಆದ ನಂತರ, ಆಗ ತಾನೇ ಹುಟ್ಟಿದ ಥ್ರೆಡ್‌ನಲ್ಲಿ ಅದು ಓಡುವಂತೆ ನೋಡಿಕೊಳ್ಳಿ.